ಫಲಾನುಭವಿಯ ಪತ್ರ

ಗುಂಡಿಯಕ್ಕನಿಗೆ ಪ್ರಶಸ್ತಿ ಬರುವುದಕ್ಕೆ ಒಂದೇ ಒಂದು ಪತ್ರ ಕಡಿಮೆ ಬಿದ್ದಿತ್ತು.

ಆ ಊರಿನ ಪುರಸಭೆ ವರ್ಷಕ್ಕೊಮ್ಮೆ ಸ್ವಯಂಸೇವಕರಿಗೂ ಸಂಘಸಂಸ್ಥೆಗಳಿಗೂ ಪ್ರಶಸ್ತಿ ಕೊಡುತ್ತದೆ. ಒಂದು ಫಲಕ, ಒಂದು ಫೋಟೋ, ಯಾರಿಗೂ ಕೇಳಿಸದ ಒಂದು ಭಾಷಣ. ಈ ಸಲ ಆಸ್ಪತ್ರೆಯ ಹಿರಿಯ ನರ್ಸ್ ತಾನೇ ಮುಂದೆ ನಿಂತು ಗುಂಡಿಯಕ್ಕನ ಹೆಸರಿನಲ್ಲಿ ಅರ್ಜಿ ತುಂಬಿದ್ದಳು. ಅರ್ಜಿಯ ಕೊನೆಯ ಪುಟಕ್ಕೆ ‘ಫಲಾನುಭವಿಯ ಪತ್ರ’ ಎಂದು ಹೆಸರು. ಇವಳಿಂದ ಉಪಕಾರ ಪಡೆದವರು ಯಾರಾದರೂ ನಾಲ್ಕು ಸಾಲು ಬರೆದು ಸಹಿ ಹಾಕಬೇಕು. ಪ್ರಶಸ್ತಿ ಬಂದರೆ ವೇದಿಕೆ ಹತ್ತಿ ಅದನ್ನು ತಾವೇ ಓದಬೇಕು. ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಪತ್ರ ಕೈಸೇರದಿದ್ದರೆ ಅರ್ಜಿ ಕಸದ ಬುಟ್ಟಿಗೆ.

“ಹನ್ನೊಂದು ವರ್ಷದಿಂದ ಇಲ್ಲಿ ಬಂದವರ ಪಕ್ಕ ಕೂತಿದ್ದೀರ ಅಕ್ಕ. ಒಬ್ಬರ ಹತ್ರ ಬರೆಸ್ಕೊಂಡು ಬನ್ನಿ, ಸಾಕು” ಎಂದಳು ನರ್ಸ್.

“ಅದೇನು ಬ್ರಹ್ಮವಿದ್ಯೆನಾ ಸಿಸ್ಟರ್? ನಾಳೆನೇ ತರ್ತೀನಿ” ಎಂದಳು ಗುಂಡಿಯಕ್ಕ.

ಅವಳಿಗೆ ಆ ಹೆಸರು ಬಂದದ್ದು ಶರ್ಟಿನ ಕಾರ್ಖಾನೆಯಲ್ಲಿ. ಇಪ್ಪತ್ತೆಂಟು ವರ್ಷ ಅವಳು ಗುಂಡಿ ಹಚ್ಚಿದಳು. ಕಾಲರ್ ಹೊಲಿಯುವವರು ಬೇರೆ, ತೋಳು ಕೂಡಿಸುವವರು ಬೇರೆ. ಜೀವಮಾನದಲ್ಲಿ ಒಂದು ಪೂರ್ತಿ ಶರ್ಟು ಹೊಲಿದವಳಲ್ಲ ನಾನು ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಆಸ್ಪತ್ರೆಯ ಗೋಡೆಯಲ್ಲಿ ‘ಸ್ವಯಂಸೇವಕರು ಬೇಕಾಗಿದ್ದಾರೆ’ ಎಂಬ ಚೀಟಿ ಕಂಡಿತು. ಮಂಗಳವಾರ ಮತ್ತು ಶುಕ್ರವಾರ, ಆಪರೇಷನ್ ಥಿಯೇಟರಿನ ಹೊರಗಿನ ಕಾಯುವ ಕೋಣೆ. ತಮ್ಮವರನ್ನು ಒಳಗೆ ಕಳಿಸಿ ಒಂಟಿಯಾಗಿ ಕೂತವರ ಪಕ್ಕದಲ್ಲಿ ಕೂರುವುದೇ ಕೆಲಸ. ಒಳಗೆ ಹೋದವರ ಕನ್ನಡಕ, ವಾಚು, ಉಂಗುರವನ್ನು ಒಂದು ಬಟ್ಟೆಚೀಲದಲ್ಲಿ ಹಾಕಿ ಕೊಡುತ್ತಾರೆ. ಕೈ ನಡುಗುವವರಿಂದ ಅದನ್ನು ಇಸಿದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಎಲ್ಲಾ ಸರಿಹೋಗುತ್ತದೆ ಎಂದು ಮಾತ್ರ ಅಪ್ಪಿತಪ್ಪಿಯೂ ಹೇಳುವಂತಿಲ್ಲ, ಅದು ಡಾಕ್ಟರಿಗೇ ಗೊತ್ತಿರುವುದಿಲ್ಲ. ಅಲ್ಲಿ ಮಾತಾಡುವುದು ಅವರ ಪಾಲು, ಕೇಳುವುದು ಇವಳ ಪಾಲು.

ಇನ್ನೊಂದು ಕಟ್ಟಳೆಯೂ ಇತ್ತು. ಹೊರಗೆ ಎಲ್ಲಾದರೂ ಅವರು ಎದುರು ಸಿಕ್ಕರೆ ತಾನಾಗಿ ಮಾತಾಡಿಸಬಾರದು. ಯಾಕೆ ಎಂದು ಕೇಳಿದ್ದಕ್ಕೆ ನರ್ಸ್, ಅದು ಹಾಗೇ, ಎಂದಿದ್ದಳು. ಹನ್ನೊಂದು ವರ್ಷದಲ್ಲಿ ಅವರಾಗಿಯೂ ಒಬ್ಬರೂ ಮಾತಾಡಿಸಿರಲಿಲ್ಲ. ಮಾರ್ಕೆಟ್ಟಿನಲ್ಲಿ, ಬಸ್ಸಿನಲ್ಲಿ ಪರಿಚಯದ ಮುಖಗಳು ಕಂಡೂ ಕಾಣದಂತೆ ಪಕ್ಕಕ್ಕೆ ತಿರುಗುತ್ತಿದ್ದವು. ಮರೆತಿರಬೇಕು ಪಾಪ, ಎಂದುಕೊಳ್ಳುತ್ತಿದ್ದಳು ಗುಂಡಿಯಕ್ಕ. ಹಾಗೆ ಅಂದುಕೊಂಡರೂ ಮನೆಗೆ ಬಂದು ಬೀಗ ತೆಗೆಯುವಾಗ ಎದೆ ಭಾರವಾಗಿರುತ್ತಿತ್ತು.

ಮನೆ ಎಂದರೆ ಲಾಂಡ್ರಿಯ ಮೇಲಿನ ಒಂದು ಕೋಣೆ. ಮೊದಲು ಅಣ್ಣನ ಮನೆಯಲ್ಲಿದ್ದಳು. ಅಣ್ಣನ ಮಗನಿಗೆ ಮದುವೆಯಾದ ಮೇಲೆ ಕೋಣೆ ಸಾಲದಾಯಿತು. ಅತ್ತಿಗೆ ಕೆಟ್ಟವಳೇನಲ್ಲ, ಹೊರಡುವ ದಿನ ಬಕೀಟು, ಚಾಪೆ ಎಲ್ಲ ಕೊಟ್ಟು ಕಳಿಸಿದಳು. ಆಮೇಲೆ ಭಾನುವಾರ ಭಾನುವಾರ ಹೋಗಿ ಬರುವುದು, ಹೊಸ ಸೊಸೆಯ ಮುಂದೆ ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂರುವುದು. ಕಳೆದ ಭಾನುವಾರ ಮಾತ್ರ ಗುಂಡಿಯಕ್ಕ ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ ಹಾಗೆ ಮಾಡಿಬಿಟ್ಟಳು. ಪ್ರಶಸ್ತಿ ಬರುತ್ತದಂತೆ ಎಂದಳು. ಅಣ್ಣ ಪೇಪರ್ ಕೆಳಗಿಟ್ಟ.

“ಹೌದೇನೇ? ಹಂಗಾದ್ರೆ ನಾವೆಲ್ಲ ಬರ್ತೀವಿ. ಮುಂದಿನ ಸಾಲಲ್ಲೇ ಕೂರೋಣ” ಎಂದ.

ಆ ‘ನಾವೆಲ್ಲ’ ಎಂಬ ಮಾತನ್ನು ಅವಳು ದಾರಿಯುದ್ದಕ್ಕೂ ಮೆಲುಕು ಹಾಕುತ್ತ ಬಂದಳು. ಪ್ರಶಸ್ತಿಯ ಆಸೆ ಇತ್ತೇ ಎಂದರೆ ಇತ್ತು, ಸುಳ್ಳು ಹೇಳುವುದೇಕೆ? ಎದುರಾಳಿಗಳು ಕೆರೆ ಶುಚಿ ಮಾಡಿದ ಗೆಳೆಯರ ಬಳಗದವರು. ಅವರ ಹತ್ತಿರ ಕಸ ತುಂಬಿದ ಕೆರೆಯದೊಂದು, ನೀರು ತುಂಬಿದ ಕೆರೆಯದೊಂದು ಫೋಟೋ ಇದ್ದವು. ಕೂತಿದ್ದಕ್ಕೆ ಯಾರು ಫೋಟೋ ತೆಗೆಯುತ್ತಾರೆ? ನೀನು ನನ್ನ ಪಕ್ಕ ಇದ್ದೆ ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕಿತ್ತು, ಅದನ್ನು ಅಣ್ಣನ ಮನೆಯವರು ಮುಂದಿನ ಸಾಲಿನಲ್ಲಿ ಕೂತು ಕೇಳಬೇಕಿತ್ತು.

ಬುಧವಾರ ಅವಳು ಕಟ್ಟಳೆ ಮುರಿದು ಒಬ್ಬ ಟೀಚರನ್ನು ಹುಡುಕಿಕೊಂಡು ಶಾಲೆಗೆ ಹೋದಳು. ಈ ಟೀಚರ ಮಗನಿಗೆ ಹೊಟ್ಟೆಯ ಆಪರೇಷನ್ ಆದ ದಿನ ನಾಲ್ಕು ತಾಸು ಗುಂಡಿಯಕ್ಕನ ಕೈ ಬಿಟ್ಟಿರಲಿಲ್ಲ ಆಕೆ. ಉಗುರಿನ ಗುರುತು ಎರಡು ದಿನ ಉಳಿದಿತ್ತು.

“ಟೀಚರ್, ನನ್ನ ಗುರುತು ಸಿಕ್ತಾ?”

ಟೀಚರ್ ಕೈಯಲ್ಲಿದ್ದ ಉತ್ತರಪತ್ರಿಕೆಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿದಳು. “ಇಲ್ವಲ್ಲ. ಯಾವ ಮಗುವಿನ ಕಡೆಯವರು ನೀವು?”

“ಆಸ್ಪತ್ರೆಯವಳು. ನಿಮ್ಮ ಮಗನ ಆಪರೇಷನ್ ದಿನ…”

“ನೀವು ಬೇರೆ ಯಾರನ್ನೋ ಅಂದ್ಕೊಂಡಿದ್ದೀರ. ನನ್ನ ಮಗನಿಗೆ ಯಾವ ಆಪರೇಷನ್ನೂ ಆಗಿಲ್ಲ” ಎಂದು ಟೀಚರ್ ಪಕ್ಕದ ಮೇಜಿನವರಿಗೂ ಕೇಳುವಂತೆ ಹೇಳಿದಳು. ಕತ್ತಿನ ನರ ಮಾತ್ರ ಪಟಪಟ ಹೊಡೆದುಕೊಳ್ಳುತ್ತಿತ್ತು. ಗುಂಡಿಯಕ್ಕ ತಾನೇ ತಪ್ಪು ಮಾಡಿದವಳ ಹಾಗೆ ಕ್ಷಮೆ ಕೇಳಿ ಹೊರಬಂದಳು.

ಗುರುವಾರ ಬೀಗದವನ ಅಂಗಡಿ. ಅವನ ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಅವನ ಹೆಂಡತಿ ಆಪರೇಷನ್ ಮುಗಿಸಿ ಬದುಕಿ ಬಂದಿದ್ದಳು, ಒಳ್ಳೆಯದಾದವರು ಉಪಕಾರ ನೆನೆಯದೆ ಇರುತ್ತಾರೆಯೇ? ಅಂಗಡಿ ಒಂದು ಆಳು ನಿಲ್ಲುವಷ್ಟು ಅಗಲ, ಮೂರು ಗೋಡೆಗೂ ಮೊಳೆಗಳಿಗೆ ನೇತುಹಾಕಿದ ಬೀಗದಕೈಗಳು. ಹೆಂಡತಿ ಮೂಲೆಯ ಸ್ಟೂಲಿನ ಮೇಲೆ ಕೂತು ಹಳೆಯ ಬೀಗಕ್ಕೆ ಎಣ್ಣೆ ಬಿಡುತ್ತಿದ್ದಳು. ಕೆನ್ನೆ ತುಂಬಿಕೊಂಡು ಲಕ್ಷಣವಾಗಿದ್ದಳು. ಅವಳನ್ನು ಕಂಡು ಗುಂಡಿಯಕ್ಕನಿಗೆ ಸ್ವಂತ ತಂಗಿಯನ್ನು ಕಂಡಷ್ಟು ಸಂತೋಷವಾಯಿತು.

ಬೀಗದವ ತಲೆಯೆತ್ತಿದ. ಬೀಗದಕೈ ಉಜ್ಜುತ್ತಿದ್ದ ಅರ ಅವನ ಕೈಯಿಂದ ಜಾರಿ ಬಿತ್ತು.

“ಯಾರ್ರೀ ಇವರು?” ಎಂದಳು ಹೆಂಡತಿ.

“ಬೀಗ ರಿಪೇರಿಗೆ ಬಂದಿದ್ದಾರೆ. ಮನೆ ಬೀಗವಂತೆ, ಅಲ್ಲೇ ಹೋಗಿ ನೋಡ್ಬೇಕು” ಎಂದು ಅವನು ಗುಂಡಿಯಕ್ಕನಿಗಿಂತ ಮೊದಲೇ ಬೀದಿಗೆ ಇಳಿದ. ಮೂಲೆ ತಿರುಗಿದ ಮೇಲೆ ನಿಂತ. ಗುಂಡಿಯಕ್ಕ ಅರ್ಜಿಯ ಪುಟ ತೋರಿಸಿ ಬಂದ ಕೆಲಸ ಹೇಳಿದಳು.

“ವೇದಿಕೆ ಮೇಲೆ ಓದ್ಬೇಕಾ?” ಎಂದು ಕೇಳಿದ.

“ನಾಲ್ಕೇ ಸಾಲು. ನಾನು ಪಕ್ಕದಲ್ಲಿದ್ದೆ ಅಂತ ಅಷ್ಟೇ.”

“ಬರೀತೀನಮ್ಮ. ಬರೀದೆ ಇದ್ರೆ ನಾನು ಮನುಷ್ಯನೇ ಅಲ್ಲ. ಆದ್ರೆ ಅವಳು ಕೇಳ್ತಾಳೆ, ಯಾರವರು, ಅವತ್ತು ಅವರ ಹತ್ರ ಏನು ಮಾತಾಡಿದ್ರಿ ಅಂತ. ನಾನು ಅವತ್ತು ಏನಂದೆ ಅಂತ ನಿಮಗೆ ನೆನಪಿದೆ ಅಲ್ವಾ?”

ನೆನಪಿತ್ತು, ಅಕ್ಷರ ಅಕ್ಷರವೂ. ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ ಹೆಂಡತಿಯನ್ನು ಎತ್ತಿ ಇಳಿಸಿ ಸೋತಿದ್ದವನು, ಆ ಕೋಣೆಯ ಮೂಲೆಯಲ್ಲಿ ಗೋಡೆ ನೋಡುತ್ತ ಹೇಳಿದ್ದ: ನನ್ನ ಕೈಲಿನ್ನು ಆಗಲ್ಲ, ಒಳಗೇ ಮುಗಿದುಹೋಗಲಿ, ನನಗೆ ಬಿಡುಗಡೆಯಾಗಲಿ.

“ದೇವರಾಣೆ ಅವಳು ಬದುಕಿದ್ದು ನಂಗೆ ಸಂತೋಷಾನೇ” ಎಂದ ಅವನು. “ಆದ್ರೆ ಮಾತು ಆಡಿದ್ರೆ ಹೋಯ್ತು ನೋಡಿ. ಎರಡು ಸಲ ನಿಮ್ಮನ್ನ ದೂರದಿಂದ ಕಂಡು ನಾನು ಬೇರೆ ಬೀದಿಗೆ ತಿರುಗಿದ್ದೀನಿ. ನಿಮ್ಮ ಮುಖ ಕಂಡ್ರೆ ಆ ಮಾತು ಕಿವಿಗೆ ಕೇಳ್ಸುತ್ತೆ.”

ಗುಂಡಿಯಕ್ಕ ಅಲ್ಲೇ ಇದ್ದ ಕಟ್ಟೆಯ ಮೇಲೆ ಕೂತಳು. ಆಪರೇಷನ್ ದಿನ ಅವಳ ಕೈ ಹಿಡಿದು, ಇನ್ನು ಮುಂದೆ ಮಗನ ಮೇಲೆ ಕೈ ಎತ್ತುವುದಿಲ್ಲ ಎಂದು ಅತ್ತಿದ್ದ ಟೀಚರ್ ಈಗ ಅರ್ಥವಾದಳು. ಯಾರೂ ಅವಳನ್ನು ಮರೆತಿರಲಿಲ್ಲ. ಊರಿನಲ್ಲಿ ಇಷ್ಟು ಜನ ಅವಳನ್ನು ನೆನಪಿಟ್ಟುಕೊಂಡೇ ಹೆದರಿ ಓಡಾಡುತ್ತಿದ್ದರು. ಹನ್ನೊಂದು ವರ್ಷ ಅವಳು ಇಸಿದುಕೊಂಡದ್ದು ಚೀಲವೊಂದನ್ನೇ ಅಲ್ಲ, ಮತ್ತು ಉಳಿದದ್ದನ್ನು ವಾಪಸ್ ಕೊಡುವ ದಾರಿ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪತ್ರ ಬೇಕು ಎಂದರೆ ಸಾಕಿತ್ತು, ಅವನು ಬರೆಯುತ್ತಿದ್ದ. ಮುಂದಿನ ಸಾಲಿನಲ್ಲಿ ಕೂತ ಅಣ್ಣ, ಅತ್ತಿಗೆ ಒಂದು ಗಳಿಗೆ ಕಣ್ಣ ಮುಂದೆ ಬಂದು ಹೋದರು.

“ಅಲ್ಲಪ್ಪ,” ಎಂದಳು, “ನೀವೇನಂದ್ರಿ ಅಂತ ನಂಗೆ ಹೆಂಗೆ ನೆನಪಿರುತ್ತೆ? ದಿನಕ್ಕೆ ಆರೇಳು ಜನ ಬರ್ತಾರೆ. ನೀವು ಗೊಳೋ ಅಂತ ಅಳ್ತಿದ್ರಿ, ನಾನು ನೀರು ತಂದುಕೊಟ್ಟೆ. ಅದೊಂದೇ ನೆನಪು.”

ಅವನು ತಟ್ಟನೆ ತಿರುಗಿದ. “ನಾನು ಅಳ್ಲಿಲ್ವಲ್ಲ.”

“ಅಳ್ಲಿಲ್ವಾ? ನಿಮ್ಮ ತಾಯಿ ಆಪರೇಷನ್ ಅಲ್ವಾ ಅದು?”

“ಇಲ್ಲಮ್ಮ, ನನ್ನ ಹೆಂಡತಿದು.”

“ಅಯ್ಯೋ, ಹಂಗಾದ್ರೆ ಅದು ನೀವಲ್ಲ. ಬೇರೆ ಯಾರೋ ಬೀಗದವರಿರಬೇಕು. ವಯಸ್ಸಾಯ್ತು ನೋಡಿ, ಒಬ್ಬರ ಮುಖ ಇನ್ನೊಬ್ಬರಿಗೆ ಅಂಟಿಸ್ಬಿಡ್ತೀನಿ.”

ಬೀಗದವ ಅವಳನ್ನು ಬಹಳ ಹೊತ್ತು ನೋಡಿದ. ನಂಬಿದನೋ, ನಂಬಬೇಕೆಂದು ತೀರ್ಮಾನ ಮಾಡಿದನೋ, ಅಂತೂ ಅವನ ಹೆಗಲು ಸಡಿಲವಾಯಿತು. ಹುಷಾರಾಗಿ ಹೋಗಿ ಎಂದು ರಸ್ತೆ ದಾಟಿಸಿ ಬಿಟ್ಟ.

ಶುಕ್ರವಾರ ಸಂಜೆ ಐದು ಗಂಟೆಗೆ ಗುಂಡಿಯಕ್ಕ ಯಾರದೋ ಅಜ್ಜಿಯ ಪಕ್ಕದಲ್ಲಿ ಕೂತಿದ್ದಳು. ನರ್ಸ್ ಎರಡು ಸಲ ಬಂದು ಕೇಳಿ, ಒಬ್ಬರೂ ಸಿಗಲಿಲ್ಲವೇ ಎಂದು ಬೇಸರಪಟ್ಟುಕೊಂಡು ಹೋದಳು. ಅವಳ ಮುಖದಲ್ಲಿ ಸಣ್ಣ ಅನುಮಾನವೂ ಇತ್ತು, ಇಷ್ಟು ವರ್ಷ ಈ ಅಕ್ಕ ಮಾಡಿದ್ದಾದರೂ ಏನು ಎಂಬಂಥ ಅನುಮಾನ. ಅದು ಗುಂಡಿಯಕ್ಕನಿಗೆ ಚುಚ್ಚಿತು.

ಪ್ರಶಸ್ತಿ ಕೆರೆಗೆ ಹೋಯಿತು. ಭಾನುವಾರ ಸುದ್ದಿ ಹೇಳಿದಾಗ ಅತ್ತಿಗೆ, “ಹೋಗ್ಲಿ ಬಿಡು, ನಮಗೂ ಅವತ್ತು ಬೇರೆ ಕಡೆ ಹೋಗೋದಿತ್ತು” ಎಂದಳು. ಅಣ್ಣ ಪೇಪರ್ ಓದುತ್ತಿದ್ದ.

ಮೂರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಬಸ್ ಸ್ಟಾಪಿನಲ್ಲಿ ಯಾರೋ ಅವಳನ್ನು ಕೂಗಿದರು. ಬೀದಿಯಲ್ಲಿ ಯಾರಾದರೂ ಕೂಗಿ ಮಾತಾಡಿಸಿ ಎಷ್ಟು ಕಾಲವಾಗಿತ್ತೆಂದರೆ, ತನ್ನನ್ನೇ ಎಂದು ತಿಳಿಯುವುದಕ್ಕೆ ಅವಳಿಗೆ ಹೊತ್ತು ಹಿಡಿಯಿತು. ಬೀಗದವ ನಗುತ್ತ ನಿಂತಿದ್ದ, ಪಕ್ಕದಲ್ಲಿ ಹೆಂಡತಿ.

“ಚೆನ್ನಾಗಿದ್ದೀರಾ ಅಮ್ಮ? ನೋಡೇ, ಅವತ್ತು ಅಂಗಡಿಗೆ ಬಂದಿದ್ರಲ್ಲ, ಇವರೇ. ಬೇರೆ ಯಾರೋ ಬೀಗದವರು ಅಂತ ನನ್ನ ಹುಡುಕಿಕೊಂಡು ಬಂದಿದ್ರು ಅಂತ ಆಮೇಲೆ ಹೇಳಿದ್ನಲ್ಲ” ಎಂದ. ಮಾತಿನಲ್ಲಿ ಅಳುಕಿರಲಿಲ್ಲ.

ಹೆಂಡತಿ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು. ಗುಂಡಿಯಕ್ಕ ಎಲ್ಲಿರುವುದು, ಏನು ಮಾಡುವುದು ಎಂದೆಲ್ಲ ಕೇಳಿದಳು. ಆಸ್ಪತ್ರೆಯ ಕಾಯುವ ಕೋಣೆ ಎಂದ ಕೂಡಲೇ ಅವಳ ಕಣ್ಣು ಅರಳಿತು.

“ಅಯ್ಯೋ, ನನ್ನ ಆಪರೇಷನ್ನೂ ಅಲ್ಲೇ ಆಗಿದ್ದು. ಅವತ್ತು ನೀವು ಇರಬಾರದಿತ್ತಾ? ಪಾಪ, ಇವರು ಬೆಳಗ್ಗೆಯಿಂದ ಸಂಜೆ ತನಕ ಒಬ್ರೇ ಕೂತಿದ್ರಂತೆ. ಪಕ್ಕದಲ್ಲಿ ಒಂದು ನರಪಿಳ್ಳೆ ಇರ್ಲಿಲ್ವಂತೆ.”

ಬೀಗದವ ಬಸ್ಸು ಬರುವ ದಿಕ್ಕಿಗೆ ನೋಡುತ್ತಿದ್ದ.

“ಹೌದಮ್ಮ,” ಎಂದಳು ಗುಂಡಿಯಕ್ಕ, “ಒಬ್ಬರೇ ಕೂರೋದು ತುಂಬಾ ಕಷ್ಟ.”