ಬೆಸುಗೆಯವಳ ಹೊಸ ನಡಿಗೆ

ನಮ್ಮ ಕಂಪನಿ ದಿವಾಳಿಯಾದ ಸುದ್ದಿ ಬಂದ ದಿನ ನನಗಿಂತ ಮೊದಲು ಅತ್ತವಳು ನನ್ನ ಓರಗಿತ್ತಿ. ಅದನ್ನೂ ನನಗೆ ಸಹಿಸಲಾಗಲಿಲ್ಲ. ಮನೆ ಮುರಿದದ್ದು ನನ್ನದು, ಅಳುವುದರಲ್ಲಾದರೂ ಮೊದಲ ಸರದಿ ನನಗಿರಬೇಕಿತ್ತು.

ನಾವಿಬ್ಬರೂ ಒಂದೇ ಮನೆಯ ಸೊಸೆಯರು, ಒಂದೇ ಕಸುಬಿನವರು. ನಾನು ಹಿರಿಯವಳು, ಅವಳು ನನ್ನ ಮೈದುನನ ಹೆಂಡತಿ. ಕಂಪ್ಯೂಟರ್ ಗೇಮುಗಳಲ್ಲಿ ಓಡಾಡುವ ಗೊಂಬೆಗಳಿಗೆ ನಡೆಯುವುದು, ಓಡುವುದು, ಬೀಳುವುದು, ಏಳುವುದು ಕಲಿಸುವುದು ನಮ್ಮ ಕೆಲಸ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಅದನ್ನೆಲ್ಲ ಹೇಳಿಕೊಟ್ಟವಳು ನಾನೇ. ಹಿಮ್ಮಡಿ ನೆಲಕ್ಕೆ ತಾಗಿದ ಮೇಲೆಯೇ ಸೊಂಟ ಇಳಿಯಬೇಕು, ಸೊಂಟ ಇಳಿದ ಮೇಲೆಯೇ ಭುಜ, ಎಲ್ಲವೂ ಒಟ್ಟಿಗೆ ಇಳಿದರೆ ಅದು ಮನುಷ್ಯನಲ್ಲ, ಮೂಟೆ ಎಂದು ಗದರಿಸಿ ಕಲಿಸಿದ್ದೆ. ಕಲಿತಳು. ಬೇಗನೇ ಕಲಿತಳು. ಅಷ್ಟು ಬೇಗ ಕಲಿಯುವ ಅಗತ್ಯವೇನಿತ್ತು ಎಂದು ಈಗ ಅನ್ನಿಸುತ್ತದೆ.

ಗೇಮು ಮಾಡುವ ಸ್ಟುಡಿಯೋ ಬೇರೆ, ಹಣ ಹಾಕಿ ಅದನ್ನು ಮಾರುವ ಪ್ರಕಾಶಕ ಬೇರೆ. ನಮ್ಮ ಪ್ರಕಾಶಕನ ಕೈಕೆಳಗೆ ಹಲವು ಸ್ಟುಡಿಯೋಗಳಿದ್ದವು. ನನ್ನದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮನೆಗೆ ಬಂದ ಮೇಲೂ ಕೂದಲಿನಿಂದ ರಬ್ಬರಿನ ವಾಸನೆ ಹೋಗುತ್ತಿರಲಿಲ್ಲ. ಅವಳದು ಗಾಜಿನ ಕಟ್ಟಡ, ಲಿಫ್ಟಿನಲ್ಲಿ ಆಳೆತ್ತರದ ಕನ್ನಡಿ. ಅವಳ ಕಡೆಯವರು ಕಾರುಗಳು ಒಂದಕ್ಕೊಂದು ಗುದ್ದಾಡುವ ಆಟ ಮಾಡುತ್ತಿದ್ದರು. ನಮ್ಮ ಟೈರ್ ಮಹಡಿಯಲ್ಲಿ ಹುಟ್ಟಿದ್ದು 'ಬೆಸುಗೆಯವಳು'.

ಪಾಳುಬಿದ್ದ ಊರೊಂದರಲ್ಲಿ ಒಡೆದದ್ದನ್ನೆಲ್ಲ ಬೆಸೆಯುತ್ತಾ ಹೋಗುವ ನಡುವಯಸ್ಸಿನ ಹೆಂಗಸು ಅವಳು. ಬಂದೂಕಿಲ್ಲ, ಕತ್ತಿಯಿಲ್ಲ. ಮೂರು ಭಾಗ ಬಂದವು, ಮೂರನ್ನೂ ಜನ ಹುಡುಕಿಕೊಂಡು ಬಂದು ಆಡಿದರು. ಅವಳನ್ನು ಮೇಲಿನಿಂದ, ದೂರದಿಂದ ತೋರಿಸುತ್ತಿದ್ದೆವು. ತೆರೆಯ ಮೇಲೆ ಹೆಬ್ಬೆರಳಿನಷ್ಟೇ ಕಾಣುತ್ತಿದ್ದಳು. ಆದರೂ ನಡಿಗೆಯಿಂದಲೇ ಗುರುತು ಸಿಗುತ್ತಿತ್ತು. ಎಡಗಾಲು ಒಂದು ಗಳಿಗೆ ಹಿಂದೆ ಉಳಿದು, ಆಮೇಲೆ ನೆನಪಾದಂತೆ ಬಂದು ಸೇರಿಕೊಳ್ಳುವುದು. ಅದು ನನ್ನ ನಡಿಗೆ. ಕಾಲೇಜಿನಲ್ಲಿದ್ದಾಗ ಸೈಕಲ್ಲಿನಿಂದ ಬಿದ್ದು ಮುರಿದ ಕಾಲು ಕೂಡಿಕೊಂಡಾಗ ತುಸು ಗಿಡ್ಡವಾಯಿತು. ಜೀವನವಿಡೀ ಜನ ಅಯ್ಯೋ ಪಾಪ ಎಂದ ನಡಿಗೆಯನ್ನು ನಾನು ಗೊಂಬೆಯೊಂದಕ್ಕೆ ಕೊಟ್ಟೆ, ಮರುದಿನದಿಂದ ಅದೇ ಜನ ಅದನ್ನು ಎಷ್ಟು ಚೆಂದ ಎಂದರು. ಹೆಮ್ಮೆಪಡದೆ ಇನ್ನೇನು ಮಾಡಲಿ.

ಪ್ರಕಾಶಕ ದಿವಾಳಿಯಾದ ಮೇಲೆ ಕೋರ್ಟು ನೇಮಿಸಿದ ಅಧಿಕಾರಿ ಬಂದು ಎಲ್ಲವನ್ನೂ ತುಂಡು ಮಾಡಿ ಮಾರಿದ. ನಾವು ಅವನನ್ನು ಹರಾಜಪ್ಪ ಎಂದು ಕರೆಯುತ್ತಿದ್ದೆವು. ಸ್ಟುಡಿಯೋಗಳು ಒಂದು ರಾಶಿ, ಗೇಮುಗಳ ಹೆಸರು, ಹಕ್ಕು ಇನ್ನೊಂದು ರಾಶಿ. ಮಗು ಒಂದು ಕಡೆ, ತಾಯಿ ಒಂದು ಕಡೆ. ಕೊಳ್ಳಲು ಬಂದ ಹೊಸ ಕಂಪನಿ ಓರಗಿತ್ತಿಯ ಸ್ಟುಡಿಯೋವನ್ನು ಜನರ ಸಮೇತ ಕೊಂಡುಕೊಂಡಿತು. ಬೆಸುಗೆಯವಳ ಹಕ್ಕನ್ನೂ ಕೊಂಡುಕೊಂಡಿತು. ನಮ್ಮ ಮಹಡಿಯನ್ನು ಯಾರೂ ಕೇಳಲಿಲ್ಲ. ಕುರ್ಚಿಗಳನ್ನು ಟೈರ್ ಅಂಗಡಿಯವನೇ ಇಳಿಸಿಕೊಂಡ. ಈಗಲೂ ಆ ದಾರಿಯಲ್ಲಿ ಹೋದರೆ, ನಾನು ಕೂತು ಬೆಸುಗೆಯವಳನ್ನು ನಡೆಸಿದ ಕುರ್ಚಿಯಲ್ಲಿ ಪಂಕ್ಚರ್ ಹಾಕಿಸಲು ಬಂದವರು ಕೂತಿರುತ್ತಾರೆ.

ಬೆಸುಗೆಯವಳ ನಾಲ್ಕನೆಯ ಭಾಗ ಯಾರಿಗೆ ಹೋಯಿತೆಂಬುದು ಗೊತ್ತಾದದ್ದು ಊಟದ ಮೇಜಿನಲ್ಲಿ. ಓರಗಿತ್ತಿ ತಟ್ಟೆಯಿಂದ ತಲೆಯೆತ್ತದೆ, ತನ್ನ ತಂಡಕ್ಕೇ ಕೊಟ್ಟಿದ್ದಾರೆ, ತನ್ನನ್ನೇ ಮುಖ್ಯಸ್ಥೆ ಮಾಡಿದ್ದಾರೆ ಎಂದಳು. ಮೈದುನ ನೀರು ಕುಡಿಯುವ ನೆಪದಲ್ಲಿ ಲೋಟದೊಳಗೆ ಮುಖ ಅಡಗಿಸಿದ. ನನ್ನ ಗಂಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಎಲ್ಲರ ಎಲುಬನ್ನೂ ನೋಡಬಲ್ಲ, ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗೂ ಬರಲಿಲ್ಲ. ಮಾತಾಡಿದವರು ಅತ್ತೆ ಒಬ್ಬರೇ.

"ಒಳ್ಳೇದೇ ಆಯ್ತು ಬಿಡು. ಹೊರಗೆ ಹೋಗ್ಲಿಲ್ಲ, ಮನೇಲೇ ಉಳೀತಲ್ಲ."

ಅತ್ತೆಯದು ಕೆಟ್ಟ ಮನಸ್ಸಲ್ಲ. ಬಾಯಿ ತೆರೆದರೆ ಗಾಯಕ್ಕೆ ಖಾರ ಸವರುವುದು ಅವರಿಗೆ ಗೊತ್ತಿಲ್ಲದೇ ನಡೆದುಹೋಗುತ್ತದೆ. ನಾನು ಒಳ್ಳೆಯದಾಗಲಿ ಎಂದೆ. ಯಾರೋ ಗುರುತಿಲ್ಲದವರ ಪಾಲಾಗಿದ್ದರೆ ಶಪಿಸಿ ಸುಮ್ಮನಾಗುತ್ತಿದ್ದೆ. ಇವಳ ಪಾಲಾದರೆ ದಿನಾ ಬೆಳಿಗ್ಗೆ ನನ್ನೆದುರೇ ಚಪ್ಪಲಿ ಹಾಕಿಕೊಂಡು ಬೆಸುಗೆಯವಳ ಹತ್ತಿರ ಹೋಗುತ್ತಾಳೆ, ಸಂಜೆ ದಣಿದು ಬಂದು ಸೋಫಾದ ಮೇಲೆ ಬೀಳುತ್ತಾಳೆ. ಆ ದಣಿವಿನ ಮೇಲೂ ನನಗೆ ಹೊಟ್ಟೆಕಿಚ್ಚು. ನನಗೆ ಸಿಕ್ಕ ಕೆಲಸವೆಂದರೆ ಟೂತ್‌ಪೇಸ್ಟ್ ಜಾಹೀರಾತಿಗೆ ಬ್ರಷ್ಷನ್ನು ಕುಣಿಸುವುದು. ಕಾಲಿಲ್ಲದ ಬ್ರಷ್ಷಿಗೆ ಯಾವ ನಡಿಗೆ ಕಲಿಸುತ್ತೀರಿ?

ಇಷ್ಟರ ನಡುವೆ ನನಗೆ ಹಾಲು ಕುಡಿದಷ್ಟು ಸಂತೋಷ ಕೊಟ್ಟ ಸುದ್ದಿಯೊಂದು ಬಂತು. ನಮ್ಮ ಸ್ಟುಡಿಯೋದ ಮೂಲ ಫೈಲುಗಳೆಲ್ಲ ಬಾಡಿಗೆಯ ಸರ್ವರುಗಳಲ್ಲಿದ್ದವು. ದಿವಾಳಿಯ ಗಲಾಟೆಯಲ್ಲಿ ಯಾರೂ ಬಾಡಿಗೆ ಕಟ್ಟಲಿಲ್ಲ, ಸರ್ವರಿನವರು ಎಲ್ಲವನ್ನೂ ಅಳಿಸಿ ಜಾಗ ಬೇರೆಯವರಿಗೆ ಕೊಟ್ಟರು. ಹೊಸ ಕಂಪನಿಗೆ ಹಕ್ಕು ಬಂತು, ಹೆಸರು ಬಂತು, ನಡಿಗೆ ಬರಲಿಲ್ಲ. ಹಳೆಯ ಗೇಮು ಹಾಕಿ ನೋಡಿದರೆ ಹೆಬ್ಬೆರಳಿನಷ್ಟು ಹೆಂಗಸು. ಹೊಸದರಲ್ಲಿ ಅವಳು ಎದುರಿನಿಂದ, ಹತ್ತಿರದಿಂದ, ಮುಖದ ಸಮೇತ ಕಾಣಬೇಕಂತೆ. ಕಾಲು ಎಳೆಯುವಾಗ ಕುತ್ತಿಗೆ ಏನು ಮಾಡುತ್ತದೆ, ಭುಜ ಎತ್ತ ಜಾರುತ್ತದೆ, ಅದೆಲ್ಲ ಇರುವುದು ಒಬ್ಬಳ ಮೈಯಲ್ಲಿ ಮಾತ್ರ. ಆ ಒಬ್ಬಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು.

ಓರಗಿತ್ತಿ ಅಲ್ಲಿಗೇ ಬಂದಳು. ಒಂದು ದಿನ ಸ್ಟುಡಿಯೋಗೆ ಬಂದು ಕ್ಯಾಮೆರಾ ಮುಂದೆ ನಡೆದರೆ ಸಾಕು, ಸಂಭಾವನೆ ಕೊಡಿಸುತ್ತೇನೆ, ಹೆಸರು ಹಾಕಿಸುತ್ತೇನೆ, ನೀವು ಒಪ್ಪಿದರೆ ಕೆಲಸವನ್ನೂ ಕೇಳುತ್ತೇನೆ ಎಂದಳು. ಅವಳ ಕೈಕೆಳಗೆ ಕೆಲಸ! ನಾನು ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದೆ.

"ಹರಾಜಲ್ಲಿ ತಗೊಂಡಿದ್ದೀರಲ್ಲ," ಎಂದೆ. "ಅದ್ರಲ್ಲೇ ಎಲ್ಲೋ ಇರುತ್ತೆ, ಹುಡುಕಿ."

ಅವಳ ಮುಖ ಸಪ್ಪಗಾಯಿತು. ಮತ್ತೆ ಕೇಳಲಿಲ್ಲ.

ಕೆಲವು ದಿನಗಳಾದ ಮೇಲೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದೆ. ಹಗ್ಗದ ಮೇಲಿನ ಹಾಸಿಗೆ ಬಟ್ಟೆಗಳ ಆಚೆ ಎರಡು ಕಾಲು ಕಂಡವು. ಎಡಗಾಲು ಒಂದು ಗಳಿಗೆ ಹಿಂದೆ ಉಳಿದು ಬಂದು ಸೇರಿಕೊಳ್ಳುತ್ತಿತ್ತು. ನನ್ನ ಕಾಲನ್ನು ನಾನೇ ದೂರದಿಂದ ನೋಡಿದ ಹಾಗಾಯಿತು. ನೀರಿನ ಟ್ಯಾಂಕಿಗೆ ಫೋನು ಒರಗಿಸಿಟ್ಟು ಓರಗಿತ್ತಿ ಆ ತುದಿಯಿಂದ ಈ ತುದಿಗೆ ಕುಂಟುತ್ತಿದ್ದಳು. ಚೆನ್ನಾಗಿರಲಿಲ್ಲ. ಮೂಟೆಯ ಹಾಗೆ ಎಲ್ಲವೂ ಒಟ್ಟಿಗೆ ಇಳಿಯುತ್ತಿದ್ದವು. ನನಗೆ ಸಿಟ್ಟು ಬಂದದ್ದು ಅವಳು ಅಣಕಿಸಿದಳೆಂದಲ್ಲ; ಇವತ್ತಲ್ಲ ನಾಳೆ ಇವಳು ಅದನ್ನು ಕಲಿತೇಬಿಡುತ್ತಾಳೆ ಎಂದು. ಬಟ್ಟೆಗಳನ್ನು ಅಲ್ಲೇ ಬಿಟ್ಟು ಸದ್ದಿಲ್ಲದೆ ಇಳಿದು ಬಂದೆ.

ಅಂದೇ ಹಟ ತೊಟ್ಟೆ. ಇನ್ನು ಮೇಲೆ ಇವಳ ಕಣ್ಣೆದುರು ಕುಂಟುವುದಿಲ್ಲ. ನೋಡಲಿ, ಏನು ಕಲಿಯುತ್ತಾಳೋ ನೋಡೋಣ.

ಎಡ ಚಪ್ಪಲಿಯೊಳಗೆ ದಪ್ಪನೆಯ ಅಟ್ಟೆ ಹಾಕಿಸಿದೆ. ಸೊಂಟ ಬಿಗಿಹಿಡಿದು, ಗಲ್ಲ ಎತ್ತಿ, ಕಾಲನ್ನು ಎಳೆಯದೆ ಎತ್ತಿಡುವುದನ್ನು ಅಭ್ಯಾಸ ಮಾಡಿದೆ. ಮೆಟ್ಟಿಲಲ್ಲಿ ಕಂಬಿ ಹಿಡಿಯುವುದನ್ನು ಬಿಟ್ಟೆ. ಕೈ ತಾನಾಗಿ ಹೋದರೂ ಮುಟ್ಟಿದ ಕೂಡಲೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಕುಂಟದೆ ನಡೆಯುವುದು ಕುಂಟುವುದಕ್ಕಿಂತ ಎಷ್ಟು ಕಷ್ಟ ಎನ್ನುವುದು ನನ್ನ ಸೊಂಟಕ್ಕೆ ಗೊತ್ತು. ಅಡುಗೆಮನೆಯ ಹಿಂದಿನ ಮೂಲೆಗೆ ಹೋಗಿ, ಯಾರೂ ಇಲ್ಲವೆಂದು ನೋಡಿಕೊಂಡು, ಸ್ಟೂಲಿನ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದೆ. ಗಂಡ ಒಮ್ಮೆ, ಹೀಗೇ ಮಾಡುತ್ತಿದ್ದರೆ ನಿನ್ನನ್ನೇ ನನ್ನ ಯಂತ್ರದ ಕೆಳಗೆ ಮಲಗಿಸಬೇಕಾಗುತ್ತದೆ ಎಂದ. ಬ್ರಷ್ಷಿನ ಸಹವಾಸ, ಮೈ ನೆಟ್ಟಗಾಗಿದೆ ಎಂದು ಹಾರಿಸಿದೆ.

ಓರಗಿತ್ತಿ ತಾರಸಿಯ ಕವಾಯತು ನಿಲ್ಲಿಸಿದ್ದಳು. ನನ್ನ ಮುಂದೆ ಆ ಗೇಮಿನ ಮಾತನ್ನೇ ಎತ್ತುತ್ತಿರಲಿಲ್ಲ. ಆಗಾಗ ಸುಮ್ಮನೆ ನೋಡುತ್ತಾ ನಿಂತಿರುತ್ತಿದ್ದಳು, ನಾನು ತಿರುಗಿದರೆ ಫ್ರಿಜ್ಜಿನ ಬಾಗಿಲು ತೆಗೆಯುತ್ತಿದ್ದಳು. ಕೈಚೆಲ್ಲಿ ಕೂತಳು ಎಂದುಕೊಂಡೆ. ವರ್ಷ ಕಳೆಯುವ ಹೊತ್ತಿಗೆ ಸೊಂಟ ಹಾಳಾಗಿತ್ತು, ಆದರೆ ಗೆದ್ದವಳು ನಾನು.

ಹೊಸ ಗೇಮಿನ ಮೊದಲ ತುಣುಕು ಹೊರಗೆ ಬಿಟ್ಟ ಮಧ್ಯಾಹ್ನ ಎಲ್ಲರೂ ಹಾಲಿನಲ್ಲಿ ಟಿವಿಯ ಮುಂದೆ ಸೇರಿದ್ದರು. ನನ್ನನ್ನು ಯಾರೂ ಕರೆಯಲಿಲ್ಲ, ನಾನಾಗಿಯೇ ಹೋಗಿ ಕೂತೆ. ಓರಗಿತ್ತಿ ಮುಗ್ಗರಿಸುವುದನ್ನು ನೋಡುವ ಅವಕಾಶ ತಪ್ಪಿಸಿಕೊಳ್ಳಲು ನಾನೇನು ದಡ್ಡಿಯೇ.

ತೆರೆಯ ಮೇಲೆ ಎತ್ತರದ ಮೆಟ್ಟಿಲುಗಳು. ಎರಡೂ ಕಡೆ ಜನ ನಿಂತು ನೋಡುತ್ತಿದ್ದಾರೆ. ಬೆಸುಗೆಯವಳು ಎದುರಿನಿಂದ ಹತ್ತಿ ಬಂದಳು. ಕುಂಟಲಿಲ್ಲ. ನೋಡಿದಿರಾ, ಕುಂಟು ನಡಿಗೆಯನ್ನೇ ಕಳೆದುಕೊಂಡರು ಎಂದು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಅವಳ ಗಲ್ಲ ಕಂಡಿತು. ಎತ್ತಿದ ಗಲ್ಲ, ಬಿಗಿದ ದವಡೆ. ಸೊಂಟ ಕಲ್ಲಿನ ಹಾಗೆ. ಒಂದು ಕೈ ಕಂಬಿಯತ್ತ ಹೋಯಿತು, ಮುಟ್ಟಿತು, ಹಿಂದಕ್ಕೆ ಬಂತು. ಜನರನ್ನು ದಾಟಿ ಗೋಡೆಯ ತಿರುವು ಬಂದ ಮೇಲೆ ಅವಳು ಹಿಂದೆ ಮುಂದೆ ನೋಡಿದಳು. ಯಾರೂ ಇಲ್ಲವೆಂದು ತಿಳಿದು ಕೂತು ಮಂಡಿ ತಿಕ್ಕಿಕೊಂಡಳು.

ಅತ್ತೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಇದು ನೀನೇ ಅಲ್ವೇನೇ," ಎಂದರು ನನ್ನ ಕಡೆ ತಿರುಗಿ. "ಈಚೀಚೆಗೆ ಹೀಗೇ ನಡೀತೀಯ. ಯಾರ ಮೇಲೋ ಸಿಟ್ಟು ಮಾಡ್ಕೊಂಡಿರೋ ಥರ."

ಓರಗಿತ್ತಿಯ ಮುಖ ಕೆಂಪಾಗಿತ್ತು. ಆದರೂ ತಲೆ ತಗ್ಗಿಸಲಿಲ್ಲ.

"ಅಕ್ಕ, ನೀವು ಕೊಡಲ್ಲ ಅಂದಿದ್ದನ್ನ ನಾನು ತಗೊಂಡಿಲ್ಲ," ಎಂದಳು. "ಕಣ್ಣಿಗೆ ಬಿದ್ದಿದ್ದನ್ನಷ್ಟೇ ಮಾಡಿದೆ."

ಕದ್ದಳು ಎಂದು ಕೂಗಾಡಬಹುದಿತ್ತು. ಕೂಗಾಡುವಷ್ಟು ಸಿಟ್ಟೂ ಇತ್ತು. ನಾಲಿಗೆ ಹಿಡಿದದ್ದು ಬೇರೆಯೇ ವಿಷಯ. ಅದು ಚೆನ್ನಾಗಿತ್ತು. ನಾನು ಮಾಡಿದ್ದಕ್ಕಿಂತ ಚೆನ್ನಾಗಿತ್ತು. ನನ್ನ ಬೆಸುಗೆಯವಳು ಕುಂಟುತ್ತಿದ್ದಳು, ಅಷ್ಟೇ. ಇವಳ ಬೆಸುಗೆಯವಳು ಕುಂಟನ್ನು ಮುಚ್ಚಿಡುತ್ತಿದ್ದಳು, ಯಾಕೆ ಮುಚ್ಚಿಡುತ್ತಿದ್ದಾಳೆಂದು ನೋಡುವವರೆಲ್ಲರಿಗೂ ಗೊತ್ತಾಗುತ್ತಿತ್ತು. ವರ್ಷವಿಡೀ ಹಲ್ಲು ಕಚ್ಚಿ ಇವಳಿಗೆ ಏನನ್ನು ಕೊಡಬಾರದೆಂದು ಹಟ ಹಿಡಿದಿದ್ದೆನೋ ಅದಕ್ಕಿಂತ ದೊಡ್ಡದನ್ನು ನನ್ನ ಸೊಂಟ ಮುರಿದುಕೊಂಡು ಕೊಟ್ಟಿದ್ದೆ, ಅದೂ ಬಿಟ್ಟಿಯಾಗಿ.

ಒಂದೇ ಒಂದು ತಪ್ಪಿತ್ತು. ಕಂಬಿ ಮುಟ್ಟಿದ ಕೈ ತೀರಾ ಬೇಗ ಹಿಂದಕ್ಕೆ ಬಂದಿತ್ತು. ನೋವಿರುವವಳ ಕೈ ಬಿಡಬೇಕೆಂದುಕೊಂಡರೂ ಬಿಡುವುದಿಲ್ಲ. ಬೆರಳುಗಳು ಒಂದು ಗಳಿಗೆ ಅಲ್ಲೇ ಉಳಿಯುತ್ತವೆ. ಅದು ನನಗೆ ಮಾತ್ರ ಗೊತ್ತಿತ್ತು. ಹೇಳಿದರೆ ಸರಿಮಾಡಿಬಿಡುತ್ತಾಳೆ. ಹೇಳಲಿಲ್ಲ. ಅಷ್ಟಾದರೂ ನನ್ನ ಹತ್ತಿರ ಇರಲಿ.

ಚೆನ್ನಾಗಿದೆ ಎಂದು ಎದ್ದೆ. ಅಡುಗೆಮನೆಯವರೆಗೆ ನಡೆಯಬೇಕಿತ್ತು, ಎಲ್ಲರ ಕಣ್ಣೂ ನನ್ನ ಕಾಲಿನ ಮೇಲಿತ್ತು. ನೆಟ್ಟಗೆ ನಡೆದರೆ ತೆರೆಯ ಮೇಲಿನವಳು. ಕುಂಟಿದರೆ ಹಳೆಯ ಮೂರು ಭಾಗಗಳವಳು. ಎರಡೂ ಈಗ ಓರಗಿತ್ತಿಯ ಕಂಪನಿಯವೇ. ಸೊಂಟ ನನ್ನನ್ನು ಕೇಳದೆ ತೀರ್ಮಾನಿಸಿತು. ವರ್ಷದ ಮೇಲೆ ಮೊದಲ ಸಲ ಎಲ್ಲರೆದುರು ಕಾಲೆಳೆದುಕೊಂಡು ಹೋದೆ.

ಬಾಗಿಲು ತಲುಪುವಷ್ಟರಲ್ಲಿ ಹಿಂದೆ ಮೈದುನ ಆ ತುಣುಕನ್ನು ಮತ್ತೆ ಹಾಕಿದ್ದು ಕೇಳಿಸಿತು. ಆಮೇಲೆ ಓರಗಿತ್ತಿಯ ದನಿ, ತನಗೆ ತಾನೇ ಹೇಳಿಕೊಳ್ಳುವಂತೆ.

"ಕೈ ಬೇಗ ಬಿಟ್ಬಿಟ್ಲು. ಅಲ್ಲಿ ಇನ್ನೂ ಸ್ವಲ್ಪ ನಿಲ್ಬೇಕಿತ್ತು."

ನಾನು ಅಡುಗೆಮನೆಯ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ಬಿಡಬೇಕೆಂದುಕೊಂಡರೂ ಬೆರಳು ಬಿಡಲಿಲ್ಲ. ಓರಗಿತ್ತಿ ತಿರುಗಿ ಆ ಬೆರಳನ್ನೇ ನೋಡುತ್ತಿದ್ದಳು.