ಸಹಿಗಿಂತ ಮೊದಲು

ಭಾಗ್ಯಾ ಫ್ಯಾನು ಬಂದ್ ಮಾಡಿದಳು. ಅತ್ತೆ ದುಂಡವ್ವನ ತಲೆಯ ಕೆಳಗೆ ಇನ್ನೊಂದು ದಿಂಬು ಕೊಟ್ಟು, ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ಹತ್ತಿ ಇಟ್ಟಳು. ಹೆಣದ ಸುತ್ತ ಕೂತಿದ್ದ ಹೆಂಗಸರ ಅಳು ಒಮ್ಮೆಲೇ ನಿಂತಿತು.

“ಏನ್ ನಡಸೀ ಬೇ ಇದು?” ಎಂದಳು ಕೆಂಚವ್ವ. ಆಕೆ ದುಂಡವ್ವನ ಗಂಡ ಅಪ್ಪಾಸಾಬನ ಅಕ್ಕ.

“ಗಾಳಿಗೆ ಕಣ್ಣ ಒಣಗ್ತಾವಂತ್ರಿ. ಅತ್ತಿ ಕಣ್ಣ ದಾನಾ ಮಾಡ್ತೀನಂತ ಶಿಬಿರದಾಗ ಬರದ ಕೊಟ್ಟಾರ. ಆರ್ ತಾಸಿನ್ಯಾಗ ತಗೀಬೇಕಂತ. ಅಥಣಿಯಿಂದ ಡಾಕ್ಟರ್ ಬರಾಕತ್ತಾರ.”

“ಕಣ್ಣಿಲ್ಲದ ಹೆಣಾ ಸುಡೂದ? ಮುಂದಿನ ಜನ್ಮಕ್ಕ ಕುರುಡಿ ಆಗಿ ಹುಟ್ಟಲೇನು? ಸಾಲಿ ಕಟ್ಟಿ ಹತ್ತದಾಕಿಗೆ ಏನ್ ತಿಳೀತಿತ್ತು! ಯಾರೋ ಸಹಿ ಹಾಕಂದಾರ, ಹಾಕ್ಯಾಳ. ತಮ್ಮಾ, ಏಳನೇ ಇಯತ್ತೆ ಪಾಸಾದಾಂವ ನೀ. ಬ್ಯಾಡಂತ ಹೇಳು.”

ಎಲ್ಲರೂ ಅಪ್ಪಾಸಾಬನ ಕಡೆ ನೋಡಿದರು. ಮಗ ಶಿವಾಜಿ ಹೊಳೆದಂಡೆಗೆ ಕಟ್ಟಿಗೆ ಒಯ್ದಿದ್ದ. ಗಂಡನ ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ ಎಂದು ಡಾಕ್ಟರ್ ಫೋನಿನಲ್ಲೇ ಹೇಳಿದ್ದರು. ಅಕ್ಕನ ಮಾತಿಗೆ ಹೂಂ ಅಂದುಬಿಟ್ಟರೆ ಮನೆ ತಣ್ಣಗಿರುತ್ತಿತ್ತು. ಅಕ್ಕನ ಮಾತು ಮೀರಬೇಕಾದರೆ ಹದಿನಾಲ್ಕು ವರ್ಷ ನುಂಗಿಕೊಂಡಿದ್ದ ಮಾತು ಹೊರಗೆ ಬರಬೇಕಿತ್ತು.

*

ಹದಿನಾಲ್ಕು ವರ್ಷದ ಹಿಂದೆ, ದವಾಖಾನೆಯಲ್ಲಿ ಭಾಗ್ಯಾಳ ಚೊಚ್ಚಲ ಹೆರಿಗೆ. ತಾಯಿಯಿಲ್ಲದ ಹುಡುಗಿಯೆಂದು ದುಂಡವ್ವನೇ ಬಾಣಂತನ ಹಿಡಿದಿದ್ದಳು. ಸೊಸೆಯನ್ನು ಒಳಗೆ ಕರೆದೊಯ್ದ ಮೇಲೆ ನರ್ಸು ಒಂದು ಕಾಗದ ತಂದು, “ಲಗೂನ ಸಹಿ ಹಾಕ್ರಿ” ಎಂದಳು. ಸಹಿ ಹಾಕುವುದರಲ್ಲಿ ಅಪ್ಪಾಸಾಬನದು ಎತ್ತಿದ ಕೈ. ಇಂಗ್ಲಿಷಿನಲ್ಲಿ ಎಳೆದು, ಅಡಿಗೊಂದು ಗೀಟು ಹೊಡೆದೇ ಬಿಟ್ಟ.

ದುಂಡವ್ವ ಕಾಗದ ಇಸಕೊಂಡಳು. ನಲವತ್ತು ದಾಟಿದ ಮೇಲೆ, ಸಂಜೆ ಕುರಿ ಕೂಡಿ ಹಾಕಿ ಸಾಕ್ಷರತಾ ವರ್ಗಕ್ಕೆ ಹೋಗಿ ಅಕ್ಷರ ಕಲಿತವಳು. ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು.

“ಮಂದಿ ನೋಡಾಕತ್ತಾರ. ಮರ್ಯಾದಿ ತಗೀಬ್ಯಾಡ,” ಎಂದು ಅಪ್ಪಾಸಾಬ ಗೊಣಗಿದ.

“ತಡೀರಿ,” ಎಂದಳು. ಮೂರನೇ ಸಾಲಿಗೆ ಬೆರಳು ನಿಂತಿತು. “ನರ್ಸ್ ಬಾಯಾರ, ಇದರಾಗ ಮುಂದ ಮಕ್ಕಳಾಗದಂಗ ಆಪರೇಶನ್ ಅಂತ ಐತಿ. ನಮ್ಮ ಹುಡುಗೀದು ಇದು ಮೊದಲನೇದ್ರಿ.”

ಪಕ್ಕದ ಕಾಟಿನವಳ ಕಾಗದ ಇವರ ಕೈಗೆ ಬಂದಿತ್ತು. ನರ್ಸು ಬಿಳಿಚಿಕೊಂಡು ಒಳಗೆ ಓಡಿದಳು. ಅಪ್ಪಾಸಾಬ ತಲೆ ಎತ್ತಲಿಲ್ಲ.

ಆ ಸಂಗತಿಯನ್ನು ದುಂಡವ್ವ ಒಬ್ಬರ ಮುಂದೂ ಆಡಲಿಲ್ಲ. ಜಗಳ ತಾರಕಕ್ಕೇರಿದಾಗಲೂ ಗಂಡನನ್ನು ಅದರಿಂದ ಚುಚ್ಚಲಿಲ್ಲ. ಅಂಥ ದೊಡ್ಡ ಮನಸ್ಸು ಸತ್ತಿ ಊರಿನ ಯಾವ ದೊಡ್ಡವರಲ್ಲೂ ಅವನು ಕಂಡಿರಲಿಲ್ಲ.

*

“ಅಕ್ಕಾ,” ಎಂದ ಅಪ್ಪಾಸಾಬ, “ಏನೂ ತಿಳೀದ ಸಹಿ ಹಾಕಿದಾಂವ ಈ ಮನ್ಯಾಗ ಒಬ್ಬನ ಅದಾನ. ಅದು ನಾ.”

ಹೆಂಗಸರ ಮುಂದೆ, ಸೊಸೆಯ ಮುಂದೆ, ಎಲ್ಲವನ್ನೂ ಹೇಳಿದ. ಭಾಗ್ಯಾ ಬಾಗಿಲಲ್ಲಿ ನಿಂತಿದ್ದ ತನ್ನ ಎರಡನೇ ಮಗಳು ಪ್ರಾಜಕ್ತಾಳನ್ನು ಬರಸೆಳೆದು ಅಪ್ಪಿಕೊಂಡು ಬಿಕ್ಕಿದಳು.

ಕೆಂಚವ್ವ ಸೆರಗಿನಿಂದ ಮೂಗು ಒರೆಸಿಕೊಂಡು, “ಹತ್ತಿ ಒಣಗಾಕತ್ತೇತಿ. ನೀರ್ ತಾ ಬೇ,” ಎಂದಳು.

ಡಾಕ್ಟರು ಪೆಟ್ಟಿಗೆ ಹಿಡಿದು ಬಂದಾಗ ಇನ್ನೂ ಒಂದೂವರೆ ತಾಸು ಉಳಿದಿತ್ತು. “ಅಜ್ಜಾರ, ಇಲ್ಲೊಂದು ಸಹಿ ಹಾಕ್ರಿ, ಸಾಕು,” ಎಂದು ಪೆನ್ನು ಚಾಚಿದರು.

ಅಪ್ಪಾಸಾಬ ಹೆಂಡತಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ಅವಳಿಗೂ ಕೇಳಲಿ ಎಂಬಂತೆ ಗಟ್ಟಿಯಾಗಿ ಓದಿದ. ಒಂದು ಕಡೆ ತಡೆದು, ಅದರ ಅರ್ಥ ಏನೆಂದು ಡಾಕ್ಟರನ್ನೇ ಕೇಳಿದ. ಅವರು ಹೇಳಿದರು. ಬೆವರು ಹರಿಯುತ್ತಿದ್ದರೂ ಯಾರೂ ಫ್ಯಾನಿನ ಸುದ್ದಿ ಎತ್ತಲಿಲ್ಲ. ಕೊನೆಯ ಸಾಲು ಮುಗಿಯಿತು. ಡಾಕ್ಟರು ಮತ್ತೆ ಪೆನ್ನು ಮುಂದೆ ಹಿಡಿದರು.

“ತಡೀರಿ ಸಾಹೇಬ್ರ,” ಎಂದು ಅಪ್ಪಾಸಾಬ ಹಾಳೆ ಮಗುಚಿದ. “ಹಿಂದನೂ ಐತಿ.”