ಅರವತ್ತು ಪಟ್ಟು ಹತ್ತಿರದ ಅಳಿಯ

ನಮ್ಮ ಮಾವನವರು ಜೀವಮಾನವೆಲ್ಲ ಉತ್ತರಪತ್ರಿಕೆ ತಿದ್ದಿದವರು. ನಿವೃತ್ತರಾದ ಮೇಲೂ ಕೈ ಸುಮ್ಮನಿರಲಿಲ್ಲ. ಬೆಳಗಿನ ಕಾಫಿಗೆ ಐವತ್ತೆಂಟು, ಕಿಟಕಿಯ ಹೊಸ ಪರದೆಗೆ ಎಪ್ಪತ್ತು, ಎದುರು ಮನೆಯವರ ನಗುವಿಗೆ ಮೂವತ್ತು ಎಂದು ಕಂಡದ್ದಕ್ಕೆಲ್ಲ ನೂರಕ್ಕೆ ಇಷ್ಟು ಅಂತ ಅಂಕ ಹಾಕುತ್ತಲೇ ಇರುತ್ತಾರೆ. ಮದುವೆಯ ದಿನ ನನಗೆ ಸಿಕ್ಕಿದ್ದು ನಲವತ್ತೆರಡು. ಪಾಸಾಗಿದ್ದೀರಲ್ಲ ಬಿಡಿ ಎಂದು ಹೆಂಡತಿ ಸಮಾಧಾನ ಹೇಳುತ್ತಾಳೆ. ನನಗಂತೂ ಆ ನಲವತ್ತೆರಡು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಇವತ್ತಿಗೂ ಕಾಡುತ್ತದೆ.

ಹೀಗಿರುವಾಗ ಮಾವನವರ ಮನೆಗೆ ಎರಡು ಕ್ಯಾಮರಾ ಬಂದವು. ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ಅಂಗೈಯಗಲದ ಸೂಪರ್‌ಜೂಮ್ ತಂದ. ಗುಂಡಿ ಒತ್ತಿದರೆ ಅದು ಮೂತಿ ಮುಂದಕ್ಕೆ ಚಾಚಿ ದೂರದ್ದನ್ನೆಲ್ಲ ಅರವತ್ತು ಪಟ್ಟು ಹತ್ತಿರ ಎಳೆಯುತ್ತದೆ. ಹೆಂಡತಿಯ ತಮ್ಮ ಡಿಎಸ್‌ಎಲ್‌ಆರ್ ತಂದ. ಅಂಗಡಿಯಲ್ಲಿದ್ದವುಗಳಲ್ಲಿ ಅದೇ ಅಗ್ಗದ್ದು, ಆದರೆ ಕೊರಳಿಗೆ ಹಾಕಿಕೊಂಡ ಕೂಡಲೇ ಅವನ ಎದೆ ಉಬ್ಬುತ್ತಿತ್ತು. ಲೆನ್ಸ್ ಬದಲಾಯಿಸಬಹುದು ಎನ್ನುವುದು ಅವನ ಹೆಮ್ಮೆ. ಬದಲಾಯಿಸುವುದಕ್ಕೆ ಇನ್ನೊಂದು ಲೆನ್ಸ್ ಅವನ ಹತ್ತಿರ ಇರಲಿಲ್ಲ.

"ನಿನ್ನದರಲ್ಲಿ ಹಕ್ಕಿ ತೆಗೆದ್ರೆ ಚುಕ್ಕಿ ಬರುತ್ತೆ ಕಣೋ" ಎಂದ ಷಡ್ಡಕ.

"ನಿಮ್ಮದರಲ್ಲಿ ಸಂಜೆ ತೆಗೆದ್ರೆ ಹಕ್ಕಿ ಮೇಲೆ ಸಾಸಿವೆ ಎರಚಿದ ಹಾಗಿರುತ್ತೆ ಭಾವ. ಒಳಗಿರೋ ಸೆನ್ಸರ್ ಕಿರುಬೆರಳಿನ ಉಗುರಿನಷ್ಟೂ ಇಲ್ಲ."

ಜಗಳ ಮಾವನವರ ಮುಂದೆ ಹೋಯಿತು. ಅವರಿಗೆ ಬೇಕಾಗಿದ್ದೂ ಅದೇ. ಪರೀಕ್ಷೆ ನಡೆಯಲಿ ಎಂದರು. ಮಹಡಿಯಿಂದ ಇಬ್ಬರೂ ಒಂದೇ ವಸ್ತುವಿನ ಫೋಟೋ ತೆಗೆಯಬೇಕು. ಯಾರೂ ವಸ್ತುವನ್ನು ಬರಿಗಣ್ಣಿನಿಂದ ನೋಡುವಂತಿಲ್ಲ; ಪರೀಕ್ಷಕರು ಬೆನ್ನು ತಿರುಗಿಸಿ ಕೂರುತ್ತಾರೆ. ಒಬ್ಬನ ಫೋಟೋ ಪಕ್ಕದಲ್ಲಿ ಇನ್ನೊಬ್ಬನದನ್ನು ಇಟ್ಟರೆ ನಕಲು. ವಸ್ತು ಯಾವುದು ಎಂಬ ಪ್ರಶ್ನೆ ಬಂದಾಗ ಮೂವರೂ ನನ್ನತ್ತ ತಿರುಗಿದರು. ಕ್ಯಾಮರಾ ಇಲ್ಲದ ನಾನು ಯಾವ ಪಕ್ಷಕ್ಕೂ ಸೇರಿದವನಲ್ಲವಲ್ಲ.

"ಆ ಟ್ಯಾಂಕಿನ ಮೇಲೆ ನಿಂತ್ಕೊಳ್ಳಿ ಅಳಿಯಂದಿರೇ" ಎಂದರು ಮಾವ. "ಐದು ಗ್ರೇಸ್ ಅಂಕ ಕೊಡ್ತೀನಿ."

ನಲವತ್ತೇಳು! ನನ್ನ ಬುದ್ಧಿಗೆ ಮಂಕು ಕವಿಯಿತು, ಹೂಂ ಅಂದುಬಿಟ್ಟೆ. ಪರೀಕ್ಷೆಗೆ ಮೊಬೈಲ್ ಒಯ್ಯುವಂತಿಲ್ಲ ಎಂದು ಅದನ್ನೂ ಕಿತ್ತಿಟ್ಟುಕೊಂಡರು.

ಹಿಟ್ಟಿನ ಗಿರಣಿಯ ಆಚೆ, ಬಯಲಿನ ತುದಿಯಲ್ಲಿದ್ದ ಆ ಟ್ಯಾಂಕು ನೀರು ಕಂಡು ಯಾವ ಕಾಲವಾಗಿತ್ತೋ. ಅದರ ಕಬ್ಬಿಣದ ಮೆಟ್ಟಿಲು ಮೇಲಿನಿಂದ ಅರ್ಧದವರೆಗೆ ಬಂದು ಮುರಿದುಹೋಗಿತ್ತು. ಉಳಿದರ್ಧಕ್ಕೆ ಮನೆಯ ಅಲ್ಯೂಮಿನಿಯಂ ಏಣಿ ಒರಗಿಸಿ ಹತ್ತಿದೆ. ನಾನು ತುದಿಗೆ ಕಾಲಿಡುವುದಕ್ಕೂ ಗಾಳಿಗೆ ಏಣಿ ದಡಾರನೆ ಕೆಳಗೆ ಬೀಳುವುದಕ್ಕೂ ಸರಿಹೋಯಿತು.

ನನ್ನ ಜೀವ ಬಾಯಿಗೆ ಬಂತು. ಹಾರಿದರೆ ಕಾಲು ಮುರಿಯುವುದು ಖಂಡಿತ. ಮಹಡಿಯತ್ತ ಎರಡೂ ಕೈ ಬೀಸಿದೆ, ಗಂಟಲು ಹರಿಯುವಂತೆ ಕೂಗಿದೆ. ಗಿರಣಿಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಅತ್ತ ನಡೆದದ್ದು ಆಮೇಲೆ ತಿಳಿಯಿತು. ಸೂಪರ್‌ಜೂಮಿನ ಪರದೆ ತುಂಬ ನನ್ನ ಮುಖವೇ. ತೆರೆದ ಬಾಯಿಯೊಳಗೆ ದವಡೆ ಹಲ್ಲಿಗೆ ಹಾಕಿಸಿದ ಸಿಮೆಂಟ್ ಕೂಡ ಕಾಣುತ್ತಿತ್ತಂತೆ. "ಎಷ್ಟು ಖುಷಿಯಾಗಿ ಹಾಡ್ತಿದ್ದಾರೆ ನೋಡಿ ಮಾವ!" ಎಂದನಂತೆ ಷಡ್ಡಕ. ಮಾವ ಅರವತ್ತನಾಲ್ಕು ಕೊಟ್ಟರು. ಡಿಎಸ್‌ಎಲ್‌ಆರ್‌ನಲ್ಲಿ ಆಕಾಶ, ಬಯಲು, ಟ್ಯಾಂಕು, ಅದರ ಬುಡದಲ್ಲಿ ಅಂಗಾತ ಬಿದ್ದ ಏಣಿ ಎಲ್ಲವೂ ಕಣ್ಣಿಗೆ ಕಟ್ಟುವಂತಿದ್ದವು. ನಾನು ಮಾತ್ರ ಅಕ್ಕಿಕಾಳಿನಷ್ಟಿದ್ದೆ. "ಬಣ್ಣ ಚೆನ್ನಾಗಿದೆ. ಏಣೀನ ಅಚ್ಚುಕಟ್ಟಾಗಿ ಮಲಗಿಸಿದ್ದಾರೆ. ಅರವತ್ತಾರು" ಎಂದರು ಮಾವ.

ಷಡ್ಡಕ ಒಪ್ಪುವವನೇ? ಮರುಮೌಲ್ಯಮಾಪನ ಆಗಲಿ ಎಂದು ಪಟ್ಟು ಹಿಡಿದು ಮತ್ತೆ ಜೂಮ್ ಮಾಡಿದ. ಅಷ್ಟು ಹೊತ್ತಿಗೆ ನಾನು ನಿಜಕ್ಕೂ ಅಳುತ್ತಿದ್ದೆ. "ಕಣ್ಣೀರಿನ ಹನಿ ಹನೀನೂ ಕಾಣ್ತಿದೆ ಮಾವ!" ಎಂದ. ಮಾವ ಎರಡಂಕ ಏರಿಸಿದರು. ಅತ್ತವನು ನಾನು, ಅಂಕ ಅವನಿಗೆ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೊತ್ತು ಇಳಿಯುತ್ತಿತ್ತು. ಒಣಗಿದ ಬಟ್ಟೆ ತೆಗೆಯಲು ನನ್ನ ಹೆಂಡತಿ ಮಹಡಿಗೆ ಬಂದಳು. ಗಂಡನ ಫೋಟೋ ಹೇಗೆ ಬಂದಿದೆಯೋ ಎಂದು ಎರಡೂ ಕ್ಯಾಮರಾ ಇಸಿದುಕೊಂಡು ಪಕ್ಕಪಕ್ಕ ಹಿಡಿದಳು.

"ನಕಲು! ನಕಲು!" ಎಂದು ಮಾವ ಎದ್ದು ನಿಂತರು.

"ಅಪ್ಪಾ, ಇದರಲ್ಲಿ ಇವರು ಅಳ್ತಿದ್ದಾರೆ, ಅದರಲ್ಲಿ ಏಣಿ ಬಿದ್ದಿದೆ. ಎರಡೂ ಸೇರಿಸಿ ನೋಡಪ್ಪಾ!"

"ಬೇರೆ ಬೇರೆ ಪತ್ರಿಕೇನ ಸೇರಿಸಿ ನೋಡೋ ನಿಯಮ ಇಲ್ಲಮ್ಮ."

ಅವಳು ಅದನ್ನು ಕೇಳಲು ಅಲ್ಲಿರಲಿಲ್ಲ. ಬಯಲಿನಲ್ಲಿ ಓಡಿಬರುತ್ತಿದ್ದ ಅವಳನ್ನು ಕಂಡಾಗ ನನಗೆ ಹೋದ ಜೀವ ಬಂದಂತಾಯಿತು. ಭುಜದ ಮೇಲೆ ನನ್ನದೇ ಪ್ಯಾಂಟು ನೇತಾಡುತ್ತಿತ್ತು. ಹಿಂದೆಯೇ ಅವರಿಬ್ಬರೂ ಬಂದರು, ಆದರೆ ಏಣಿಗೆ ಕೈ ಹಾಕಲಿಲ್ಲ. ಕೈಯಲ್ಲಿ ಕ್ಯಾಮರಾ ಇತ್ತಲ್ಲ. ಅವಳೊಬ್ಬಳೇ ಏಣಿ ಎತ್ತಿ ಒರಗಿಸಿ ಎರಡೂ ಕೈಯಲ್ಲಿ ಅವುಚಿ ಹಿಡಿದಳು. "ನಿಧಾನ ರೀ, ನಾನು ಹಿಡ್ಕೊಂಡಿದ್ದೀನಿ" ಎಂದಳು.

ಆ ಮಬ್ಬು ಬೆಳಕಿನಲ್ಲಿ ಸೂಪರ್‌ಜೂಮ್ ಫೋಕಸ್ಸಿಗೆ ತಡಕಾಡಿ ತಡಕಾಡಿ ಕ್ಲಿಕ್ಕಿಸುವಷ್ಟರಲ್ಲಿ ನಾನು ಇಳಿದಾಗಿತ್ತು. ಅದರಲ್ಲಿ ಬಂದದ್ದು ಸಾಸಿವೆ ಎರಚಿದ ಖಾಲಿ ಏಣಿ. ಡಿಎಸ್‌ಎಲ್‌ಆರ್ ಹೊತ್ತಿಗೆ ಸರಿಯಾಗಿ ಟಪ್ ಅಂದಿತ್ತು, ಆದರೆ ಭಾಮೈದ ಗಡಿಬಿಡಿಯಲ್ಲಿ ಕೆಳಕ್ಕೆ ಹಿಡಿದಿದ್ದ. ಏಣಿ ಹಿಡಿದು ಮೇಲೆ ನೋಡುತ್ತಿರುವ ನನ್ನ ಹೆಂಡತಿ, ಅಂಚಿನಲ್ಲಿ ನನ್ನ ಎರಡು ಪಾದ, ಅಷ್ಟೇ ಅದರಲ್ಲಿರುವುದು.

"ವಸ್ತುವಿಗೆ ತಲೇನೇ ಇಲ್ಲ. ಫೇಲ್" ಎಂದರು ಮಾವ. ಗಂಟೆ ಹೊಡೆಯುವ ಮೊದಲೇ ಇಳಿದೆನೆಂದು ನನ್ನ ಗ್ರೇಸ್ ಅಂಕವನ್ನೂ ರದ್ದು ಮಾಡಿದರು.

ಆ ಫೇಲಾದ ಫೋಟೋಗೆ ಕಟ್ಟು ಹಾಕಿಸಿ ನಮ್ಮ ಮನೆಯ ಗೋಡೆಗೆ ತೂಗುಹಾಕಿದ್ದೇನೆ. ಮೊನ್ನೆ ಮಾವ ಬಂದು ಅದರ ಮುಂದೆ ನಿಂತಿದ್ದಾಗ ಕೇಳಿಯೇ ಬಿಟ್ಟೆ. "ಇದರಲ್ಲಿ ನಿಮ್ಮ ಮಗಳಿಗೆ ಎಷ್ಟು ಕೊಡ್ತೀರಿ ಮಾವ?"

ಅಭ್ಯಾಸಬಲದಿಂದ ಅವರ ಕೈ ಜೇಬಿಗೆ ಹೋಗಿ ಕೆಂಪು ಪೆನ್ನು ತೆಗೆಯಿತು. ಕನ್ನಡಕ ಒರೆಸಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, "ಇನ್ನೂ ನೋಡ್ತಾ ಇದ್ದೀನಿ" ಎಂದರು.